ಎಡಗೈಯಲ್ಲಿ ಎರಡು ಗಂಟೆ

ನಮ್ಮ ಅವಳಿ ಹೆಣ್ಣುಮಕ್ಕಳು ಈಗ ನಾಲ್ಕನೇ ಕ್ಲಾಸು. ಬೆಳಗಾದರೆ ಒಂದೇ ಬಾಚಣಿಗೆಗೆ ಕಿತ್ತಾಡುತ್ತವೆ. ಅವುಗಳ ಗಲಾಟೆಗೆ ತಲೆ ಚಿಟ್ಟು ಹಿಡಿದಾಗ ನನಗೆ ಮಡಿಕೇರಿಯ ಆ ಆಸ್ಪತ್ರೆ ನೆನಪಾಗುತ್ತದೆ. ಹೇಳಿದರೆ ಯಾರೂ ನಂಬುವುದಿಲ್ಲ, ಅಲ್ಲಿ ಕಳೆದ ದಿನಗಳ ಮೇಲೆ ನನಗೆ ಒಂಥರಾ ಆಸೆ. ಸ್ಪಿರಿಟ್ಟಿನ ವಾಸನೆ, ಹತ್ತು ಗಂಟೆಯಾದರೂ ಕಿಟಕಿಯಾಚೆ ಬಿಡದ ಮಂಜು, ಹಿತ್ತಾಳೆ ಡಬ್ಬಿಯಲ್ಲಿ ಅತ್ತೆ ತರುತ್ತಿದ್ದ ಅಕ್ಕಿರೊಟ್ಟಿ, ಎಲ್ಲವೂ ಬೇಕು ಅನಿಸುತ್ತದೆ. ಅತ್ತೆ ತೀರಿಹೋಗಿ ಎರಡು ವರ್ಷವಾಯಿತು, ಅದೂ ಇರಬಹುದು. ಅಲ್ಲಿದ್ದಾಗ ಮಾತ್ರ ಯಾವಾಗ ಇಲ್ಲಿಂದ ಹೊರಡುತ್ತೇನೋ ಅಂತ ದಿನಾ ಅಳುತ್ತಿದ್ದವಳು ನಾನೇ.

ಎಂಟು ತಿಂಗಳು ತುಂಬುವ ಮೊದಲೇ ಹೆರಿಗೆಯಾಗಿತ್ತು. ಕಾಫಿ ಕೊಯ್ಲು ಶುರುವಾದ ಚಳಿಗಾಲ. ಶನಿವಾರಸಂತೆ ಕಡೆಯ ನಮ್ಮೂರಿನಿಂದ ನಮ್ಮೆಜಮಾನರು ನನ್ನನ್ನು ಪಕ್ಕದ ಎಸ್ಟೇಟಿನ ಜೀಪಿನಲ್ಲಿ ಮಲಗಿಸಿಕೊಂಡು ಬಂದರು. ಆಪರೇಷನ್ ಮಾಡಿ ಎರಡೂ ಮಕ್ಕಳನ್ನು ತೆಗೆದರು. ದೊಡ್ಡದು ಒಂದೂವರೆ ಕೇಜಿ ಇತ್ತು. ಸಣ್ಣದು ಒಂದು ಕೇಜಿಯ ಮೇಲೆ ನೂರು ಗ್ರಾಂ, ಅಷ್ಟೇ. ನನಗೆ ತೋರಿಸಿದ್ದೂ ಇಲ್ಲ, ಎತ್ತಿಕೊಂಡು ಮಕ್ಕಳ ಐಸಿಯುಗೆ ಓಡಿದರು.

ಮೂರನೇ ದಿನಕ್ಕೆ ನನ್ನ ಹೊಲಿಗೆಯಲ್ಲಿ ಕೀವಾಗಿ ಜ್ವರ ಬಂತು. ಜ್ವರ ಇರುವವರು ಐಸಿಯು ಬಾಗಿಲು ದಾಟುವ ಹಾಗಿಲ್ಲ. ನಾನು ಈಚೆ ವಾರ್ಡಿನಲ್ಲಿ, ಮಕ್ಕಳು ಆಚೆ ಗಾಜಿನ ಪೆಟ್ಟಿಗೆಯಲ್ಲಿ. ಹಿಂಡಿದ ಹಾಲನ್ನು ಸಿಸ್ಟರು ಬಂದು ಒಯ್ಯುತ್ತಿದ್ದರು, ಮೂಗಿನ ನಳಿಗೆಯಲ್ಲಿ ತೊಟ್ಟು ತೊಟ್ಟಾಗಿ ಬಿಡುತ್ತಿದ್ದರಂತೆ. ದೊಡ್ಡದು ಸುಧಾರಿಸಿಕೊಂಡಿತು. ಸಣ್ಣದರ ತೂಕ ದಿನಾ ಇಳಿಯಿತು. ಐದನೇ ದಿನ ಒಂದು ಕೇಜಿಗಿಂತ ಕೆಳಗೆ ಬಂತು.

ಸಿಸ್ಟರು ವಿರಾಜಪೇಟೆ ಕಡೆಯವರು, ಮನೆಮಾತು ಮಲಯಾಳ, ನನ್ನನ್ನು ಅಕ್ಕ ಅನ್ನುವ ಬದಲು ಚೇಚಿ ಅನ್ನುತ್ತಿದ್ದರು. ನನ್ನ ಮಂಚದ ಹತ್ತಿರ ಬಂದು ಬಿಡಿಸಿ ಹೇಳಿದರು. "ನೋಡಿ ಚೇಚಿ, ಮಗೂಗೆ ಮನುಷ್ಯರ ಮೈ ಬಿಸಿ ಬೇಕು. ಬರೀ ಎದೆ ಮೇಲೆ ಕಟ್ಟಿಕೊಂಡು ಕೂತ್ರೆ ಉಸಿರು ಸರಿಯಾಗ್ತದೆ, ತೂಕ ಹಿಡೀತದೆ. ದೊಡ್ಡದನ್ನ ಅಪ್ಪ ಕಟ್ಟಿಕೊಳ್ಳಲಿ. ಸಣ್ಣದಕ್ಕೆ ಇನ್ನೊಬ್ಬರು ಬೇಕಲ್ಲ, ಯಾರಿದ್ದಾರೆ?"

ನನ್ನವ್ವ ನನ್ನ ಮದುವೆಗೆ ಮೊದಲೇ ತೀರಿಕೊಂಡಿದ್ದಳು. ಇದ್ದವರು ಅತ್ತೆ ಒಬ್ಬರೇ, ಆಸ್ಪತ್ರೆಯ ಹತ್ತಿರ ರೂಮು ಮಾಡಿಕೊಂಡು ನಿಂತಿದ್ದರು. ನನಗೂ ಅವರಿಗೂ ಅಷ್ಟಕ್ಕಷ್ಟೆ. ನನ್ನ ಅಪ್ಪ ಅಮ್ಮತ್ತಿಯ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರಾಗಿದ್ದರು. ಹತ್ತು ಜಾತಿ, ಹತ್ತು ಭಾಷೆಯ ನಡುವೆ ಬೆಳೆದವಳು ನಾನು. ಚಿಕ್ಕಂದಿನಲ್ಲಿ ಕಟ್ಟಿದ ನನ್ನ ಲಿಂಗ ಬೀರುವಿನಲ್ಲಿ ಬಟ್ಟೆ ಸುತ್ತಿಕೊಂಡು ಮಲಗಿತ್ತು. ಅತ್ತೆಯದು ಹಾಗಲ್ಲ. ಬೆಳ್ಳಿಯ ಕರಡಿಗೆಯೊಳಗೆ ಲಿಂಗ, ಅದನ್ನು ಹೊತ್ತ ದಾರ, ಹಗಲೂ ರಾತ್ರಿ ಎದೆಯ ಮೇಲೆ. ಪೂಜೆಯಾಗದೆ ಹನಿ ನೀರು ಕುಡಿಯುವವರಲ್ಲ. ನನ್ನ ಬರಿಗೊರಳು ನೋಡಿದಾಗೆಲ್ಲ ಅವರ ಮುಖ ಸಿಂಡರಿಸುತ್ತಿತ್ತು, ನಾನೂ ಬೇಕಂತಲೇ ಅವರೆದುರು ಎದ್ದ ಕೂಡಲೇ ಕಾಫಿ ಕುಡಿಯುತ್ತಿದ್ದೆ.

ಮಗುವಿನ ವಿಷಯ ಕೇಳಿದ್ದೇ ತಡ, ಅತ್ತೆ ಬಿಸಿನೀರಲ್ಲಿ ಮಿಂದು ಐಸಿಯು ಬಾಗಿಲಿಗೆ ಹೋಗಿ ನಿಂತರು. ಬಳೆ ತೆಗೆದರು, ಓಲೆ ತೆಗೆದರು, ಕಾಲುಂಗುರವನ್ನೂ ಕಷ್ಟಪಟ್ಟು ತೆಗೆದರು. ಸಿಸ್ಟರು ಕೊರಳಿನ ದಾರ ತೋರಿಸಿ, "ಅಜ್ಜೀ, ಅದೂ ತೆಗೀಬೇಕು. ಒಳಗೆ ದಾರ, ಲೋಹ ಏನೂ ಆಗೂದಿಲ್ಲ" ಅಂದರಂತೆ. ಅತ್ತೆ ಹಾಗೇ ಹಿಂದಿರುಗಿ ನನ್ನ ಮಂಚದ ಬಳಿ ಬಂದು ನಿಂತರು.

"ಆಗಕ್ಕಿಲ್ಲ ಕಣವ್ವ. ಇದು ಮೈ ಬಿಟ್ರೆ ಪ್ರಾಣ ಬಿಟ್ಟಂಗೆ. ನನ್ನ ಮಣ್ಣು ಮಾಡ್ವಾಗ್ಲೂ ಇದು ನನ್ನ ಜೊತೇಲೇ ಬರೋದು."

ನನ್ನ ಬಾಯಿ ಮೊದಲೇ ಹರಿತ, ಜ್ವರ ಬೇರೆ. "ಆಗ್ಲಿ ಬಿಡಿ ಅತ್ತೆ. ನಿಮಗೆ ಮೊಮ್ಮಗಳಿಗಿಂತ ಆ ಕಲ್ಲೇ ಹೆಚ್ಚು. ಕಲ್ಲನ್ನೇ ಅಪ್ಪಿಕೊಂಡು ಕೂತ್ಕೊಳಿ" ಅಂದುಬಿಟ್ಟೆ. ಪಕ್ಕದ ಮಂಚದ ಬಾಣಂತಿಯ ಕೈಲಿದ್ದ ಲೋಟ ಅಲ್ಲೇ ನಿಂತಿತು. ಲಿಂಗವನ್ನು ಕಲ್ಲು ಅನ್ನುವ ಸೊಸೆಯನ್ನು ನಮ್ಮ ಕಡೆಯ ಯಾವ ಅತ್ತೆಯೂ ಕ್ಷಮಿಸುವುದಿಲ್ಲ. ಅತ್ತೆ ಸೆರಗು ಎಳೆದುಕೊಂಡು ಹೊರಗೆ ಹೋದರು. ನಾನು ಗೋಡೆಗೆ ಮುಖ ಮಾಡಿ ಅತ್ತುಬಿಟ್ಟೆ.

ಮರುದಿನ ಹತ್ತು ಗಂಟೆಗೆ ಬಂದರು. ಹಣೆಯಲ್ಲಿ ವಿಭೂತಿ ಇನ್ನೂ ಹಸಿಯಾಗಿತ್ತು. ನನ್ನ ಎಡಗೈ ಹಿಡಿದು ಅಂಗೈ ಬಿಡಿಸಿದರು, ಒದ್ದೆ ಬಟ್ಟೆಯಿಂದ ಒರೆಸಿದರು. ಕೊರಳಿನಿಂದ ದಾರ ಎತ್ತಿ ಕಣ್ಣಿಗೊತ್ತಿಕೊಂಡರು. ಕರಡಿಗೆಯನ್ನು ನನ್ನ ಅಂಗೈಯಲ್ಲಿಟ್ಟು ಬೆರಳುಗಳನ್ನು ಒಂದೊಂದಾಗಿ ಮಡಿಸಿದರು. ಅದು ಅವರ ಮೈಯಿಂದ ಆಗತಾನೇ ಇಳಿದದ್ದು, ಬೆಚ್ಚಗಿತ್ತು.

"ಕೆಳಗಿಡಬ್ಯಾಡ. ಸೊಂಟದಿಂದ ಕೆಳಕ್ಕೆ ತರಬ್ಯಾಡ. ನಾ ಬರೋಗಂಟ ಯಾರ ಜೊತೆಗೂ ಮಾತಾಡಬ್ಯಾಡ. ನಿಂಗೆ ಅದೇ ಕಷ್ಟ, ಗೊತ್ತು ನಂಗೆ."

ಅಯ್ಯೋ, ಹೇಗೆ ಹೇಳಲಿ! ಬೈಗುಳ ತಿನ್ನಲು ತಯಾರಾಗಿದ್ದವಳಿಗೆ ಇದು ಬಂದರೆ ಏನು ಮಾಡಬೇಕು? ಬಾಯಿ ಬಿಡಲು ಹೋದೆ, ಮಾತಾಡಬೇಡ ಅಂದದ್ದು ನೆನಪಾಗಿ ಮುಚ್ಚಿಕೊಂಡೆ. ಅತ್ತೆ ಹೋದರು. ಹನ್ನೆರಡಕ್ಕೆ ಬಂದರು. "ಕಣ್ಣು ಬಿಟ್ಲು" ಅಂದರು, ಅಷ್ಟೇ. ಕರಡಿಗೆ ತೆಗೆದುಕೊಂಡು, ಮತ್ತೆ ಮಿಂದು, ಪೂಜೆ ಮಾಡಿ, ಬಾಯಿಗೆ ಮೊದಲ ತುತ್ತು ಇಡುವಾಗ ಎರಡು ಗಂಟೆ ದಾಟಿತ್ತು. ಲಿಂಗ ಮೈಯಿಂದ ಇಳಿಸುವ ದಿನ ಅದು ಮರಳಿ ಬಂದು ಪೂಜೆಯಾಗುವ ತನಕ ಉಪವಾಸ, ಅದು ಅವರೇ ಹಾಕಿಕೊಂಡ ನೇಮ.

ದಿನಾ ಹೀಗೇ ಆಯಿತು. ಹತ್ತರಿಂದ ಹನ್ನೆರಡು ನಾನು ಮೂಗಿ. ಬಲಗೈ ಒಂದರಲ್ಲೇ ಹಾಲು ಹಿಂಡುವುದು ಕಲಿತೆ. ನೆಲ್ಯಹುದಿಕೇರಿಯಿಂದ ಬಂದಿದ್ದ ಪಕ್ಕದ ಮಂಚದವಳು, "ಎಂಥ ಅಕ್ಕ ಅದು ಕೈಲಿ, ಚಿನ್ನವಾ?" ಅಂತ ಕೆಣಕುತ್ತಿದ್ದಳು, ನಾನು ಕಣ್ಣಲ್ಲೇ ಗದರುತ್ತಿದ್ದೆ. ಹನ್ನೊಂದಕ್ಕೆ ಗಂಜಿ ಬರುತ್ತಿತ್ತು, ನಾನು ಉಣ್ಣುತ್ತಿದ್ದೆ. ಬೆಳಿಗ್ಗೆಯಿಂದ ಬರಿಹೊಟ್ಟೆಯಲ್ಲಿ ನನ್ನ ಮಗಳನ್ನು ಕಟ್ಟಿಕೊಂಡು ಕೂತ ಮುದುಕಿಯ ನೆನಪಾಗಿ ಅರ್ಧಕ್ಕೇ ತಟ್ಟೆ ಸರಿಸುತ್ತಿದ್ದೆ. ಹೀಗೆ ಶುರುವಾದ ಮೂರನೇ ದಿನ ತೂಕ ಇಳಿಯುವುದು ನಿಂತಿತು. ಆರನೇ ದಿನ ಇಪ್ಪತ್ತು ಗ್ರಾಂ ಏರಿತು. ಸಿಸ್ಟರು ಬಾಗಿಲಲ್ಲೇ ನಿಂತು ಎರಡು ಬೆರಳು ತೋರಿಸಿದರು, ನಾನು ಬಾಯಿ ಮುಚ್ಚಿಕೊಂಡೇ ಕೂತಲ್ಲೇ ಕುಣಿದೆ.

ಎಂಟನೇ ದಿನ ಆಗಬಾರದ್ದು ಆಯಿತು. ಜ್ವರದ ಮಾತ್ರೆ ನುಂಗಿ ಒರಗಿದವಳಿಗೆ ಜೊಂಪು ಹತ್ತಿತು. ಎಚ್ಚರಾದಾಗ ಅಂಗೈ ಖಾಲಿ.

ನನಗೆ ನಂಬಿಕೆಯಿಲ್ಲ ಅಂತ ಊರೆಲ್ಲ ಹೇಳಿಕೊಂಡು ತಿರುಗಿದವಳು ನಾನು. ಆದರೂ ಆ ಹೊತ್ತಿಗೆ, ಇದು ಹೋದರೆ ಮಗಳೂ ಹೋದಳು ಅಂತ ಒಳಗೆ ಯಾರೋ ಹೇಳಿದ ಹಾಗಾಯಿತು. ಹೊಲಿಗೆ ಬಿಚ್ಚಿದರೆ ಬಿಚ್ಚಲಿ ಅಂತ ಎದ್ದು ಕಂಬಳಿ ಕೊಡವಿದೆ, ದಿಂಬು ಎತ್ತಿದೆ, ಹಾಸಿಗೆ ಸರಿಸಿದೆ. ಕೊನೆಗೆ ಸಿಕ್ಕಿದ್ದು ಎಲ್ಲಿ ಗೊತ್ತೇ? ನನ್ನ ಕಾಲ ಕೆಳಗೆ, ಹಾಸಿದ ಹಳೇ ಪಂಚೆಯ ಮಡಿಕೆಯಲ್ಲಿ. ಸೊಂಟದಿಂದ ಕೆಳಗೆ ತರಬೇಡ ಅಂದಿದ್ದರು. ಗೋಡೆ ಹಿಡಿದುಕೊಂಡು ನಲ್ಲಿಯ ತನಕ ಹೋದೆ, ಮೂರು ಸಲ ತೊಳೆದೆ, ಸೆರಗಿನಲ್ಲಿ ಒರೆಸಿದೆ. ಅತ್ತೆ ಬಂದಾಗ ಏನೂ ಆಗದವಳ ಹಾಗೆ ಕೊಟ್ಟೆ. ಅವರೂ ಏನೂ ಕೇಳಲಿಲ್ಲ. ಅವತ್ತು ಅವರ ಮುಖವೂ ಕಳೆಗುಂದಿತ್ತು, ಹಸಿವೆಗಿರಬೇಕು ಅಂದುಕೊಂಡೆ.

ಹದಿನಾರನೇ ದಿನ ನನ್ನ ಜ್ವರ ಪೂರ್ತಿ ಬಿಟ್ಟಿತ್ತು. ಸಣ್ಣದರ ತೂಕ ಒಂದೂಕಾಲು ಕೇಜಿಗೆ ಬಂದಿತ್ತು. ಇನ್ನು ಪೆಟ್ಟಿಗೆ ಬೇಡ, ತಾಯಿಯ ಹತ್ತಿರವೇ ಇರಲಿ ಅಂದರು ಡಾಕ್ಟರು. ದೊಡ್ಡದು ಒಳಗೆ ಅಪ್ಪನ ಎದೆಯ ಮೇಲಿತ್ತು, ಅದನ್ನು ಸಂಜೆಗೆ ಕೊಡುವವರಿದ್ದರು. ಹನ್ನೆರಡು ಗಂಟೆಗೆ ಐಸಿಯು ಬಾಗಿಲು ತೆರೆಯಿತು. ಹಸಿರು ಗೌನು, ಹಸಿರು ಟೋಪಿ ಹಾಕಿಕೊಂಡು ಅತ್ತೆ ಮೆಲ್ಲಗೆ ಬಂದರು. ಗೌನಿನೊಳಗೆ ಎದೆಗೆ ಕಟ್ಟಿದ ಬಟ್ಟೆ, ಬಟ್ಟೆಯೊಳಗಿಂದ ಇಣುಕುವ ಉಣ್ಣೆ ಟೋಪಿ. ಬಗ್ಗಿ ನೆಲ ನೋಡಿಕೊಂಡು ಹೆಜ್ಜೆ ಇಡುತ್ತಿದ್ದರು. ಸಿಸ್ಟರು ಕಟ್ಟು ಬಿಚ್ಚಿ ಮಗುವನ್ನು ನನ್ನ ಎದೆಯ ಮೇಲೆ ಮಲಗಿಸಿದರು. ನನ್ನ ಮಗಳು ನನ್ನನ್ನು ಮೊದಲ ಸಲ ಮುಟ್ಟಿದ್ದು ಹೀಗೆ, ಅತ್ತೆಯ ಮೈಯ ಕಾವಿನಲ್ಲಿ, ಅತ್ತೆಯ ವಿಭೂತಿಯ ವಾಸನೆಯಲ್ಲಿ.

"ನಿಂದು ನೀನು ತಗೊ" ಅಂದರು ಅತ್ತೆ, ಅಂಗೈ ಚಾಚಿ. "ನಂದು ನಂಗೆ ಕೊಡು."

ನನಗೆ ತಡೆಯಲಾಗಲಿಲ್ಲ. ಬಿಕ್ಕಿ ಬಿಕ್ಕಿ ಅಳುತ್ತಲೇ ಹೇಳಿದೆ. "ಅತ್ತೆ, ಒಂದಿನ ನಿದ್ದೆ ಬಂದು ಕೈಯಿಂದ ಜಾರಿಬಿಟ್ಟಿತ್ತು. ಕಾಲ ಕೆಳಗೆ ಬಿದ್ದಿತ್ತು. ನಾನು ಹೇಳಲಿಲ್ಲ."

"ಗೊತ್ತು. ದಾರ ಒದ್ದೆಯಾಗಿತ್ತಲ್ಲ." ಅವರು ಮಂಚದ ಅಂಚು ಹಿಡಿದುಕೊಂಡು ನಿಂತರು. ನನ್ನ ಮುಖ ನೋಡದೆ ಹೇಳಿದರು. "ನಾನೂ ಅವತ್ತೇ ತೂಕಡಿಸಿಬಿಟ್ಟೆ ಕಣವ್ವ. ಹೊಟ್ಟೇಲಿ ಏನೂ ಇರ್ಲಿಲ್ಲ, ಕಣ್ಣು ಕತ್ಲೆ ಬಂತು. ಕಟ್ಟು ಸಡ್ಲಾಗಿ ಮಗು ಮಡ್ಲಿಗೆ ಜಾರಿತ್ತು. ಸಿಸ್ಟರು ಓಡ್ಬಂದು ಹಿಡ್ಕಂಡ್ರು. ನಿಂಗೆ ಹೇಳಕ್ಕೆ ನಂಗೂ ಬಾಯಿ ಬರ್ಲಿಲ್ಲ."

ನನ್ನ ಸ್ವಭಾವಕ್ಕೆ ಆಗಲೇ ಕೂಗಾಡಬೇಕಿತ್ತು. ಸಿಟ್ಟು ಹುಡುಕಿದೆ, ಸಿಗಲಿಲ್ಲ. ಎದೆಯ ಮೇಲೆ ಮಗಳು ಬೆಕ್ಕಿನ ಮರಿಯಷ್ಟೇ ಸದ್ದು ಮಾಡಿ ಸುಮ್ಮನಾದಳು. ನಾನು ಕರಡಿಗೆಯನ್ನು ಎರಡೂ ಕೈಯಲ್ಲಿ ಹಿಡಿದು ಅತ್ತೆಗೆ ಕೊಟ್ಟೆ. ಅವತ್ತು ತಡವಾಗಿ ಆಗತಾನೇ ಬಂದ ಗಂಜಿ ಪಕ್ಕದ ಸ್ಟೂಲಿನ ಮೇಲೆ ಹಬೆಯಾಡುತ್ತಿತ್ತು, ಅದಕ್ಕೆ ತಟ್ಟೆ ಮುಚ್ಚಿದೆ.

"ನೀವು ಪೂಜೆ ಮುಗಿಸಿ ಬನ್ನಿ ಅತ್ತೆ" ಅಂದೆ. "ನಾನು ಕಾಯ್ತೀನಿ. ಒಟ್ಟಿಗೇ ಉಣ್ಣಾಣ."