ತಾಂಗ್ ದೇಶದವನೆಂದು ಬದುಕಿದ ಬಡಗಿ

ಬಿರುಗಾಳಿ ಎದ್ದು ಮಂಗೋಲರ ಹಡಗುಗಳು ಮುಳುಗಿದ್ದು ತಮ್ಮ ಮಂತ್ರದಿಂದಲೇ ಎಂದು ಜಪಾನಿನ ನಮ್ಮ ಹಕಾತ ಬಂದರಿನ ಪೂಜಾರಿಗಳು ಭೂಮಿ ಬಹುಮಾನ ಕೇಳಿದರು. ಕೇಳಲಿ. ಅದೇ ಗಾಳಿ ತಕಾಶಿಮಾ ದ್ವೀಪದ ದಡಕ್ಕೆ ಎಸೆದುಹೋದವರ ಬಗ್ಗೆ ಮಾತ್ರ ಯಾರೂ ಕೇಳಲಿಲ್ಲ.

ಅವರಲ್ಲೊಬ್ಬ ಮಾಕ್ಸಂ, ಕೊರ್ಯೊ ದೇಶದ, ಅಂದರೆ ಕೊರಿಯಾದ ಬಡಗಿ. ಮಂಗೋಲರು ಹೊಡೆದು ಬಡಿದು ಅವನಿಂದ ಹಡಗು ಕಟ್ಟಿಸಿ, ಅದೇ ಹಡಗಿಗೆ ಹತ್ತಿಸಿದ್ದರು. ಗಾಳಿ ನಿಂತಮೇಲೆ ಸೇನಾಪತಿಗಳು ಗಟ್ಟಿ ಹಡಗು ಹಿಡಿದು ಪರಾರಿಯಾದರು. ಉಳಿದವರನ್ನು ನಮ್ಮ ಯೋಧರು ಮರಳಿನ ಮೇಲೆ ಕೂರಿಸಿ ಯಾವ ದೇಶ ಎಂದು ಕೇಳಿದರು. ಮಂಗೋಲನಾದರೆ, ಕೊರ್ಯೊದವನಾದರೆ ತಲೆ ಹೋಯಿತು. ಆದರೆ ದಕ್ಷಿಣ ಚೀನಾದವರು, ನಮ್ಮ ಬಾಯಲ್ಲಿ ತಾಂಗ್ ದೇಶದವರು, ಅವರೊಂದಿಗೆ ನಮಗೆ ಹಳೆಯ ವ್ಯಾಪಾರದ ನಂಟು. ಅವರನ್ನು ಆಳುಗಳಾಗಿ ಹಂಚಿದರು. ಹಡಗಿನಲ್ಲಿ ಜೊತೆಗಿದ್ದ ತಾಂಗ್ ನಾವಿಕರಿಂದ ಕಲಿತಿದ್ದ ನಾಲ್ಕು ಮಾತು ಮಾಕ್ಸಂನ ತಲೆ ಉಳಿಸಿದವು. ಆಫೂ ಎಂದು ಹೆಸರು ಹೇಳಿ, ದೋಣಿ ಕಟ್ಟುವ ಯಾಸಾಬುರೊನ ಪಾಲಾದ.

ಅಂದಿನಿಂದ ತನ್ನ ಭಾಷೆಯನ್ನು ನುಂಗಿಕೊಂಡೇ ಬದುಕಿದ. ಜ್ವರ ಬಂದರೆ, ಎಲ್ಲಿ ಬಡಬಡಿಸಿಬಿಡುತ್ತೇನೋ ಎಂದು ಬಾಯಿಗೆ ಬಟ್ಟೆ ತುರುಕಿಕೊಂಡು ಮಲಗುತ್ತಿದ್ದನಂತೆ. ಇದನ್ನು ನನಗೆ ಹೇಳಿದವಳು ಯಾಸಾಬುರೊನ ಹೆಂಡತಿ ತೊರಾಮೆ. ನಮ್ಮ ಮಾತು ಕಲಿತರೂ ಹೆಚ್ಚು ಆಡದ ಅವನನ್ನು ಬೀದಿಯವರು ಮೂಗನೆಂದು ಆಡಿಕೊಳ್ಳುತ್ತಿದ್ದರು. ಅವನಿಗಿದ್ದದ್ದು ಒಂದೇ ಆಸೆ: ವ್ಯಾಪಾರದ ಹಡಗಿನಲ್ಲಿ ದಕ್ಷಿಣಕ್ಕೆ ಹೋಗಿ, ಅಲ್ಲಿಂದ ಹೇಗಾದರೂ ತನ್ನೂರು ಸೇರುವುದು. ಕೈಯಲ್ಲಿದ್ದ ದೋಣಿ ಮುಗಿಸಿಕೊಟ್ಟರೆ ಕಳಿಸುತ್ತೇನೆಂದು ಯಾಸಾಬುರೊ ಮಾತು ಕೊಟ್ಟ.

ಆ ಆತುರವೇ ಕೆಡಿಸಿತು. ಕೊನೆಯ ಹಲಗೆಗಳಿಗೆ ಕಬ್ಬಿಣದ ಮೊಳೆ ಸಾಲಲಿಲ್ಲ. ಮಾಕ್ಸಂನ ಕೈ ತಾನಾಗಿಯೇ ಗಟ್ಟಿ ಮರದ ಗೂಟ ಕೆತ್ತಿ ಬಡಿಯಿತು, ಕೊರ್ಯೊದಲ್ಲಿ ಅವನಪ್ಪ ಬಡಿಯುತ್ತಿದ್ದ ಹಾಗೆ.

ಯಾಸಾಬುರೊ ಗೂಟದ ಮೇಲೆ ಬೆರಳಾಡಿಸಿದ. "ಏನೋ ಆಫೂ, ತಾಂಗ್‌ನೋರು ಮೊಳೆ ಇಲ್ದೆ ಹಲಗೆ ಮುಟ್ತಾರೇನೋ?"

"ಮೊಳೆ ಮುಗ್ದಿತ್ತು ಒಡೆಯ."

"ಹಿಂಗೆ ಗೂಟ ಹೊಡ್ದಿರೋ ಹಡಗು ನಾನೂ ನೋಡಿದೀನಪ್ಪ, ತಕಾಶಿಮಾದಲ್ಲಿ. ಒಡೆದು ಬಿದ್ದಿತ್ತು."

ಮಾಕ್ಸಂ ತಲೆ ತಗ್ಗಿಸಿದ.

"ಹೆದರ್ಬೇಡ. ಯಾರಿಗೂ ಹೇಳಲ್ಲ, ನೀನು ಇಲ್ಲಿರೋ ತನಕ."

ವ್ಯಾಪಾರದ ಹಡಗು ಹೊರಟ ದಿನ ಅವನು ಮುಂದಿನ ದೋಣಿಗೆ ಹಲಗೆ ಸೀಳುತ್ತಿದ್ದ. ಸಾಯುವವರೆಗೂ ಸೀಳಿದ. ಯಾಸಾಬುರೊನೂ ತೀರಿಕೊಂಡಮೇಲೆ ತೊರಾಮೆ ಆ ಗುಟ್ಟನ್ನೆಲ್ಲ ಬಾಯಿಬಿಟ್ಟಳು. ಶತ್ರುವಿಗೂ ಅನ್ನ ಹಾಕಿದ ದೊಡ್ಡ ಮನುಷ್ಯ ಎಂದು ನಮ್ಮ ಬೀದಿಯವರು ಯಾಸಾಬುರೊನನ್ನೇ ಹೊಗಳಿದರು. ಹಾಕಿದ್ದು ನಿಜ. ಮನೆಯ ನಾಯಿಗೂ ಹಾಕುತ್ತಿದ್ದ. ಅದನ್ನು ಮಾತ್ರ ಕಟ್ಟಿರಲಿಲ್ಲ.