ಊತ ಬಂದರೆ ನಗುವ ಕುದುರೆಯಕ್ಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಲಾಯದ ಕೊನೆಯ ಕೋಣೆಯಲ್ಲಿ ಹೆಂಗಸೊಬ್ಬರು ಕಂದು ಕುದುರೆಯ ಕತ್ತಿನ ಮೇಲೆ ಅಂಗೈಯಿಟ್ಟು ನಿಂತಿದ್ದಾರೆ. ಮೊನ್ನೆ ಸೂಜಿ ಚುಚ್ಚಿದ ಜಾಗ ಅದು. ಬೆರಳು ಮೆಲ್ಲಗೆ ಸರಿಯುತ್ತದೆ, ಒಂದು ಕಡೆ ನಿಲ್ಲುತ್ತದೆ. ನಿಂಬೆಹಣ್ಣಿನಷ್ಟು ದಪ್ಪಗೆ, ಬಿಸಿಯಾಗಿ ಏನೋ ಎದ್ದಿದೆ. ಅವರ ಮುಖ ಅರಳುತ್ತದೆ.

"ಬಂತು ನೋಡಿ! ಸೊಸೆಗೆ ಊತ ಬಂತು!"

ಮೈ ಊದಿದ್ದಕ್ಕೆ ಸಂಭ್ರಮಪಡುವವರನ್ನು ನಾನು ಕಂಡದ್ದು ಇದೇ ಮೊದಲು. ಅದರ ಹಿಂದಿನ ಕಥೆ ಕೇಳಿದ ಮೇಲೆ ನನ್ನ ಮೈಯೂ ಕಾದಿದೆ, ಸಿಟ್ಟಿನಿಂದ.

ಈ ಔಷಧ ಸಂಸ್ಥೆಯ ಲಾಯದಲ್ಲಿ ಹನ್ನೊಂದು ಕುದುರೆಗಳಿವೆ. ಗಂಟಲಮಾರಿ, ಅಂದರೆ ಡಿಫ್ತೀರಿಯಾ, ತಗುಲಿ ಉಸಿರು ಕಟ್ಟುವ ಮಕ್ಕಳಿಗೆ ಕೊಡುವ ಮದ್ದು ತಯಾರಾಗುವುದು ಇವುಗಳ ರಕ್ತದಿಂದ. ರೋಗಾಣುವಿನ ವಿಷವನ್ನು ಪಳಗಿಸಿ ಕುದುರೆಗೆ ಚುಚ್ಚುತ್ತಾರೆ. ಕುದುರೆಯ ಮೈ ಅದಕ್ಕೆ ಪ್ರತಿವಿಷ ಕಟ್ಟಿಕೊಳ್ಳುತ್ತದೆ, ಅದರಲ್ಲಿ ನಾವು ಪಾಲು ಕೇಳುತ್ತೇವೆ. ಮಗುವಿಗೆ ಸಿಗುವ ರಕ್ಷಣೆ ಕೆಲವು ವಾರಗಳ ಕೈಸಾಲ, ಕುದುರೆಗೆ ಮಾತ್ರ ಅದು ಸ್ವಂತ ದುಡಿಮೆ. ಸೀಸೆಯ ಮೇಲೆ ಸಂಸ್ಥೆಯ ಹೆಸರು ದಪ್ಪಕ್ಷರದಲ್ಲಿದೆ. ಕುದುರೆಯ ಸುದ್ದಿಯೇ ಇಲ್ಲದ ಮೇಲೆ ಲದ್ದಿ ಬಾಚುವವರ ಸುದ್ದಿ ಎಲ್ಲಿಂದ ಬರಬೇಕು?

ಲದ್ದಿ ಬಾಚುವ ಇವರನ್ನು ಎಲ್ಲರೂ ಕರೆಯುವುದು ಕುದುರೆಯಕ್ಕ ಎಂದು. ಗಂಡ ಮಾಡುತ್ತಿದ್ದ ಕೆಲಸ. ಅವರು ತೀರಿಕೊಂಡ ಮೇಲೆ ಬಕೆಟ್ಟು ಇವರ ಕೈಗೆ ಬಂತು. ಇಪ್ಪತ್ತೆರಡು ವರ್ಷವಾಯಿತು, ಇನ್ನೂ ದಿನಗೂಲಿ. ನೀರು ಹೊರುವುದು, ಮೈ ಉಜ್ಜುವುದು, ಒಂದೊಂದರ ಜ್ವರ ನೋಡುವುದು, ಊದಿದ ಕತ್ತಿಗೆ ಬಿಸಿನೀರಿನ ಬಟ್ಟೆಯಿಂದ ಶಾಖ ಕೊಡುವುದು, ಎಲ್ಲ ಇವರದೇ. ಒಮ್ಮೆ ಕುದುರೆ ಒದ್ದು ಮಣಿಕಟ್ಟು ಮುರಿದಿತ್ತು. ಎರಡು ಬೆರಳು ಇವತ್ತಿಗೂ ಮಡಚುವುದಿಲ್ಲ.

"ಒದ್ದಿದ್ದು ಕುದುರೆ, ಬಿಡಿ. ಅದಕ್ಕೆ ನೋವಿತ್ತು. ರಜೆ ಕೊಡಲ್ಲ ಅಂದಿದ್ದು ಮನುಷ್ಯರು. ಅವರಿಗೇನು ನೋವಿತ್ತು?"

ಮಕ್ಕಳೆಂದರೆ ಒಬ್ಬಳೇ ಮಗಳು, ಮದುವೆಯಾಗಿ ಹೋಗಿದ್ದಾಳೆ. "ಗಂಡುಮಗ ಇಲ್ಲದಿದ್ರೂ ಸೊಸೆ ಇದ್ದಾಳೆ," ಎಂದು ಕಂದು ಕುದುರೆಯತ್ತ ಗದ್ದ ತೋರಿಸುತ್ತಾರೆ. "ಹಾಕಿದ್ದು ತಿನ್ನಲ್ಲ, ಕರೆದ್ರೆ ತಿರುಗಲ್ಲ, ಮುಖ ಊದಿಸ್ಕೊಂಡು ನಿಲ್ತಾಳೆ. ಮತ್ತೇನಂತ ಕರೀಲಿ?" ಲಾಯಕ್ಕೆ ಹೊಸಬಳಾದ ಈ ಸೊಸೆ ಬೇರೆ ಯಾರು ಹತ್ತಿರ ಹೋದರೂ ಕಚ್ಚುತ್ತಾಳೆ. ಸೂಜಿ ಚುಚ್ಚಬೇಕೆಂದರೆ ಕುದುರೆಯಕ್ಕನೇ ಮುಖ ಹಿಡಿಯಬೇಕು.

ಕೆಲವು ತಿಂಗಳ ಹಿಂದೆ ಸೊಸೆಗೆ ಮೊದಲ ಸುತ್ತಿನ ಚುಚ್ಚುಮದ್ದು ಶುರುವಾಗಿದ್ದಾಗಲೇ ದೊಡ್ಡ ಅತಿಥಿಗಳು ಬರುವುದು ಗೊತ್ತಾಯಿತು. ವ್ಯವಸ್ಥಾಪಕರು ಅದುವರೆಗೆ ಲಾಯದ ಕಡೆ ತಲೆಹಾಕಿ ಮಲಗಿದವರಲ್ಲ. ಅಂದು ಬಂದರು, ಊದಿದ ಕತ್ತು ನೋಡಿದರು, ಹೌಹಾರಿದರು. ಫೋಟೋದಲ್ಲಿ ಇದು ಕಂಡರೆ ಮರ್ಯಾದೆ ಏನಾಗಬೇಕು? ಪ್ರಯೋಗಾಲಯದ ಡಾಕ್ಟರಮ್ಮ ರಜೆಯಲ್ಲಿದ್ದರು. ಅತಿಥಿಗಳು ಬಂದು ಹೋಗುವವರೆಗೆ ಎಲ್ಲ ಕುದುರೆಗಳಿಗೂ ದಿನವೂ ಊತ ಇಳಿಸುವ ಮದ್ದು ಕೊಡಿ ಎಂದು ಆಜ್ಞೆಯಾಯಿತು.

"ನಾನೇ ಮುಖ ಹಿಡ್ಕೊಂಡಿದ್ದೆ," ಎನ್ನುವಾಗ ಕುದುರೆಯಕ್ಕನ ದನಿ ತಗ್ಗುತ್ತದೆ. "ನೋವು ಇಳಿಯತ್ತೆ ಅಂದ್ರು. ನಂಗೂ ಖುಷಿನೇ ಆಯ್ತು. ಆ ಖುಷಿ ನೆನೆಸ್ಕೊಂಡ್ರೆ ಈಗ ಹೊಟ್ಟೆ ಉರಿಯತ್ತೆ."

ಫೋಟೋಗಳು ಚೆನ್ನಾಗಿಯೇ ಬಂದವು. ಆಮೇಲೆ ರಕ್ತ ಪರೀಕ್ಷೆಯಾಯಿತು. ಹಳೆಯ ಕುದುರೆಗಳ ಮೈಗೆ ಹಿಂದಿನ ನೆನಪಿತ್ತು, ಅವು ಪಾರಾದವು. ಸೊಸೆಯ ರಕ್ತದಲ್ಲಿ ಮಾತ್ರ ಪ್ರತಿವಿಷ ಹೆಸರಿಗಷ್ಟೇ ಇತ್ತು. ಕಚೇರಿ ಏನು ಮಾಡಿತು ಗೊತ್ತೇ? ಈ ಪ್ರಾಣಿ ಉಪಯೋಗಕ್ಕಿಲ್ಲ, ಹರಾಜು ಹಾಕಿ ಎಂದಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಇಲ್ಲಿ ಬರೆ ಹಾಕಿದವರಿಗೆ ನಾಚಿಕೆಯೂ ಇಲ್ಲ.

ರಜೆ ಮುಗಿಸಿ ಬಂದ ಡಾಕ್ಟರಮ್ಮ ಕೆಂಡವಾದರು. ಅವರ ಮಾತನ್ನು ಅವರ ಬಾಯಲ್ಲೇ ಕೇಳಿ: "ಪಳಗಿಸಿದ ವಿಷ ಮಾತ್ರ ಚುಚ್ಚಿದ್ರೆ ಮೈ ಅಷ್ಟಾಗಿ ತಲೆ ಕೆಡಿಸ್ಕೊಳ್ಳಲ್ಲ. ಅದಕ್ಕೇ ಕೆರಳಿಸೋ ಪದಾರ್ಥ ಬೆರೆಸ್ತೀವಿ. ಆಗ ಮೈಯಲ್ಲಿ ಕಾವಲು ಕಾಯೋ ರಕ್ತಕಣಗಳು ಕೂಗು ಹಾಕ್ತವೆ. ಊತ, ಬಿಸಿ ಎಲ್ಲ ಅದರದ್ದೇ ಗುರುತು. ಆ ಕೂಗು ಕೇಳಿದ್ರೇನೇ ವರ್ಷಗಟ್ಟಲೆ ನೆನಪಿಟ್ಕೊಳ್ಳೋ ಕಣಗಳು ಏಳೋದು. ಊತ ಮಿತಿ ಮೀರಿದ್ರೆ ನೋಡ್ಕೊಳ್ಳೋಕೆ ನಾನಿದ್ದೀನಿ. ಇವರು ಕೂಗೋನ ಬಾಯಿ ಮುಚ್ಚಿಸಿ, ಮಲಗಿದವನು ಏಳಲೇ ಇಲ್ಲ ಅಂತ ಬೈತಿದ್ದಾರೆ!"

ಡಾಕ್ಟರಮ್ಮ ಜಗಳವಾಡಿದರು. ಕುದುರೆಯಕ್ಕ ಕೆಲಸ ಮುಗಿಸಿ ದಿನವೂ ವ್ಯವಸ್ಥಾಪಕರ ಬಾಗಿಲಲ್ಲಿ ನಿಂತರು. "ಒಂದು ಕುದುರೆಗೆ ಯಾಕಿಷ್ಟು ರಂಪ?" ಎಂದು ಬೈಸಿಕೊಂಡರು. ಕೊನೆಗೆ ಒಂದೇ ಒಂದು ಅವಕಾಶ ಸಿಕ್ಕಿತು. ಇನ್ನೊಂದು ಸುತ್ತು ಚುಚ್ಚಬಹುದು. ಈ ಸಲವೂ ರಕ್ತದಲ್ಲಿ ಪ್ರತಿವಿಷ ಏರದಿದ್ದರೆ ಸೊಸೆ ಹರಾಜಿಗೆ. ಹರಾಜಾದ ಕುದುರೆ ಎಲ್ಲಿಗೆ ಹೋಗುತ್ತದೆಂದು ಲಾಯದಲ್ಲಿ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ.

ಅದಕ್ಕೇ ಇಂದು ಬೆಳಗಿನ ಈ ಊತಕ್ಕೆ ಅಷ್ಟು ಸಂಭ್ರಮ.

ಕುದುರೆಯಕ್ಕ ಬಟ್ಟೆ ಹಿಂಡಿ ಕತ್ತಿನ ಮೇಲಿಡುತ್ತಾರೆ. ಸೊಸೆ ಕಿವಿ ಹಿಂದಕ್ಕೆ ಮಾಡಿ ಸಿಡುಕುತ್ತಾಳೆ. "ಸಾಕು ನಿನ್ನ ಬಿನ್ನಾಣ, ನಿಂತ್ಕೋ," ಎಂದು ಗದರಿಸುತ್ತಲೇ ಹಣೆ ಸವರುತ್ತಾರೆ. ನಿಮಗೇನು ಆಸೆ ಅಕ್ಕ, ಎಂದು ಕೇಳುತ್ತೇನೆ. ಕೆಲಸ ಕಾಯಂ ಆಗಲಿ ಎಂದಾರು ಅಂದುಕೊಂಡಿದ್ದೆ.

"ಈ ಊತ ತಾನಾಗೇ ಇಳೀಲಿ. ಯಾರೂ ಇಳಿಸೋದು ಬೇಡ. ಅಷ್ಟೇ."

ಅಷ್ಟರಲ್ಲಿ ಹೊರಗೆ ಏಣಿ ಎಳೆಯುವ ಸದ್ದು. ಇಬ್ಬರು ಗೇಟಿಗೆ ಹೊಸ ಬಣ್ಣ ಬಳಿಯಲು ಶುರುಮಾಡಿದ್ದಾರೆ. ಗೇಟಿಗೆ ಬಣ್ಣ ಬಂತೆಂದರೆ ಅತಿಥಿಗಳು ಬರುತ್ತಾರೆಂದೇ ಅರ್ಥ. ಕುದುರೆಯಕ್ಕ ಗೇಟನ್ನು ನೋಡುತ್ತಾರೆ, ಕೈಯಲ್ಲಿದ್ದ ಬಟ್ಟೆಯನ್ನು ಮತ್ತೆ ಬಿಸಿನೀರಿಗೆ ಅದ್ದುತ್ತಾರೆ.

"ಬರ್ಲಿ ಬಿಡಿ. ಈ ಸಲ ನಾನು ಮುಖ ಹಿಡ್ಕೊಳ್ಳಲ್ಲ."