ಹಗ್ಗ ಬಿಟ್ಟವರಿಗೆ ಪಾಲಿಲ್ಲ

“ಅಕ್ಕೋರೆ, ಅಜ್ಜಿ ಕೈಲಿದ್ದ ಹಗ್ಗ ಬಿಡಿಸ್ಬೇಡಿ!” ಬೇಲೆಕೇರಿಯ ಕಡಲ ದಡಕ್ಕೆ ರಂಪಣಿಯ ದೊಡ್ಡ ಮೀನುಬಲೆ ಎಳೆಸುತ್ತಿದ್ದ ತಂಡದ ಹಿರಿಯ ಕೂಗಿದಾಗ ನಾನು ಬೆಚ್ಚಿಬಿದ್ದೆ.

ಅದಿರಿನ ಲಾರಿಗಳು ಬಂದರಿಗೆ ಸಾಲುಗಟ್ಟುತ್ತಿದ್ದ ವರ್ಷಗಳವು. ಬೆಳಗಿನ ವಾಕಿಂಗಿಗೆ ಹೋದವಳು ಆಸೆಯಾಗಿ ನಾನೂ ಹಗ್ಗ ಹಿಡಿದಿದ್ದೆ. ನನ್ನ ಮುಂದೆ ಹಗ್ಗ ಹಿಡಿದಿದ್ದ ಅಜ್ಜಿಯ ಬೆನ್ನು ಬಾಗಿಹೋಗಿತ್ತು. “ನೀವು ಕೂತ್ಕೊಳ್ಳಿ, ನಿಮ್ಮ ಬದಲು ನಾನು ಎಳೀತೇನೆ” ಎಂದು ಕನಿಕರದಿಂದ ಅವಳ ಬೆರಳು ಸಡಿಲಿಸಲು ಹೋಗಿದ್ದೆ. ಬಲೆ ದಡ ಮುಟ್ಟುವವರೆಗೆ ಹಗ್ಗ ಹಿಡಿದವರಿಗೆಲ್ಲ ಮೀನಿನಲ್ಲಿ ಪಾಲುಂಟು, ನಡುವೆ ಬಿಟ್ಟವರಿಗಿಲ್ಲ ಎಂಬುದು ನನಗೆ ಗೊತ್ತಿರಲಿಲ್ಲ. ಅವಳ ಮನೆಯಲ್ಲಿ ದೋಣಿಗೆ ಹೋಗುವವರು ಯಾರೂ ಉಳಿದಿರಲಿಲ್ಲವಂತೆ.

ಅಜ್ಜಿ ಸಿಟ್ಟಾಗಲಿಲ್ಲ. “ನಾ ಕೂತ್ರೆ ಬಲೆ ವಾಪಸ್ ಸಮುದ್ರಕ್ಕೇ ಹೋತದೆ ಮಗಾ. ಈ ಗಂಡಸ್ರ ಕೈಲಿ ಏನ್ ಆತದೆ?” ಎಂದಳು. ಗಂಡಸರು “ಹೌದೌದು!” ಎಂದು ನಗುತ್ತಲೇ ಎಳೆದರು.

ಆಮೇಲೆ ಮರಳಿನ ಮೇಲೆ ಬಂಗಡೆಯ ರಾಶಿಗಳು ಬಿದ್ದವು. ಅಜ್ಜಿಯ ರಾಶಿ ಉಳಿದವರದಷ್ಟೇ ಇತ್ತು. ಅವಳು ಯಾರಿಗೂ ಕೈಮುಗಿಯಲಿಲ್ಲ. ಬುಟ್ಟಿ ತುಂಬಿಕೊಂಡು, ಮೀನು ಸಣ್ಣದಾಯಿತೆಂದು ಬೈಯುತ್ತ ಹೊರಟಳು.

ನಾನು ಪಾಠ ಮಾಡುವ ಕಾಲೇಜಿನಲ್ಲಿ ಸಂಪತ್ತಿನ ಹಂಚಿಕೆಯ ಮಾತು ಬಂದಾಗ “ದುಡಿಯದವರಿಗೆ ಯಾಕೆ ಕೊಡಬೇಕು?” ಎಂಬ ಪ್ರಶ್ನೆ ಏಳುತ್ತದೆ, ಎಷ್ಟೋ ಸಲ ನಾನೇ ಕೇಳಿದ್ದೇನೆ. ಅಜ್ಜಿ ಅಂದು ನಿಜವಾಗಿ ಎಳೆದಳೋ, ಬರೀ ಹಿಡಿದುಕೊಂಡಿದ್ದಳೋ, ನನ್ನ ನೆನಪನ್ನು ನಂಬಿ ಹೇಳಲಾರೆ. ಪಾಲು ಹಾಕಿದವರು ಅದನ್ನು ಕೇಳಲೇ ಇಲ್ಲ; ದಡದಲ್ಲಿ ಅದನ್ನು ಅಳೆಯಲು ಹೋದವಳು ನಾನೊಬ್ಬಳೇ.